ಗೋರಿಕಲ್ಲಿನ ಮೇಲಿನ ಸಿಂಹ

ಎಲ್ಲ ರಗಳೆಯೂ ಶುರುವಾದದ್ದು ಕಲ್ಲುಕುಟಿಗ ಕೇಳಿದ ಒಂದು ಪ್ರಶ್ನೆಯಿಂದ. "ಹೆಸರಿನ ಕೆಳಗೆ ಅಡ್ಡಹೆಸರು ಕೆತ್ತೋದು ತಾನೇ?" ಎಂದು ಅವನು ಫೋನಿನಲ್ಲಿ ಕೇಳಿದ್ದ. ಮುರ್ಡೋ ಗಿಲ್ವರಿ, "ಬೇಡ. ಅದರ ಬದಲು ಒಂದು ಸಿಂಹ ಕೆತ್ತು" ಎಂದುಬಿಟ್ಟ.

ಪೋರ್ಟ್‌ಲೆನ್ನನ್ ಎಂಬ ಆ ಸ್ಕಾಟ್‌ಲೆಂಡಿನ ಬೆಸ್ತರ ಊರಿನಲ್ಲಿ ಕಲ್ಲೆಸೆದರೆ ಅದು ಬೀಳುವುದು ಯಾವನಾದರೂ ಗಿಲ್ವರಿಯ ತಲೆಯ ಮೇಲೆಯೇ. ಎಸೆದವನೂ ಗಿಲ್ವರಿಯೇ ಆಗಿರುತ್ತಾನೆ. ಸಾಲದ್ದಕ್ಕೆ ಹಿರಿಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಬೇರೆ. ಹೀಗಾಗಿ ಬಂದರಿನಲ್ಲಿ ನಿಂತು "ಆಲಿಕ್ ಗಿಲ್ವರಿ" ಎಂದು ಕೂಗಿದರೆ ಅರ್ಧ ದೋಣಿಗಳು ಕೆಲಸ ನಿಲ್ಲಿಸುತ್ತವೆ. ಇದಕ್ಕೆ ಊರಿನ ಹಿರಿಯರು ಕಂಡುಕೊಂಡ ಉಪಾಯ ಅಡ್ಡಹೆಸರು. ಒಂದು ಮನೆಯವರು ಬಿಸ್ಕತ್ತು, ಇನ್ನೊಂದು ಮನೆಯವರು ಮೊಂಡುಚಾಕು, ಮತ್ತೊಂದು ಮನೆಯವರು ಬಾರೋಮೀಟರು. ಇದು ಬೆನ್ನಹಿಂದೆ ಆಡಿಕೊಳ್ಳುವ ಹೆಸರಲ್ಲ. ಮತದಾರರ ಪಟ್ಟಿಯಲ್ಲಿ, ದೋಣಿಯ ಕಾಗದದಲ್ಲಿ, ಯುದ್ಧದಲ್ಲಿ ಮಡಿದವರ ಸ್ಮಾರಕದಲ್ಲಿ ಕೂಡ ಗಂಭೀರವಾದ ಅಕ್ಷರದಲ್ಲಿ ಬರೆದಿರುತ್ತಾರೆ. ಸತ್ತ ಮೇಲೆ ಗೋರಿಕಲ್ಲಿನಲ್ಲೂ.

ಮುರ್ಡೋನ ಮನೆಯವರದು 'ಒದ್ದೆ ಬೆಕ್ಕು'.

ಅವನ ಅಜ್ಜ ಒಂದು ಭಾನುವಾರ ಚರ್ಚಿಗೆ ಹೊರಟವನು ಕಾಲುಜಾರಿ ಬಂದರಿನ ನೀರಿಗೆ ಬಿದ್ದ. ಮೇಲೆ ಹತ್ತಿ ಬಂದು, ಬಟ್ಟೆ ಬದಲಿಸಿದರೆ ಪ್ರಾರ್ಥನೆಗೆ ತಡವಾದೀತೆಂದು, ಹಾಗೆಯೇ ಹೋಗಿ ಮೊದಲ ಸಾಲಿನಲ್ಲಿ ಕೂತು, ಪಾದ್ರಿಯ ಉಪದೇಶ ಮುಗಿಯುವವರೆಗೂ ನೀರು ಸುರಿಸಿದ. ಹಿಂದಿನ ಸಾಲಿನ ಯಾವಳೋ ಹೆಂಗಸು ಮೆಲ್ಲಗೆ ಎರಡು ಮಾತು ಅಂದಳು. ಆ ಎರಡು ಮಾತು ಮೂರು ತಲೆಮಾರಿಗೆ ಅಂಟಿಕೊಂಡವು. ಮುರ್ಡೋ ತನ್ನ ಕರಿದ ಮೀನಿನ ಅಂಗಡಿಯ ಮೇಲೆ 'ಗಿಲ್ವರಿ' ಎಂದು ಬಂಗಾರದ ಬಣ್ಣದಲ್ಲಿ ಬರೆಸಿದ್ದ. ಜನ ಅದರ ಕೆಳಗೇ ನಿಂತು, "ಒದ್ದೆ ಬೆಕ್ಕು, ಎರಡು ಹ್ಯಾಡಕ್ ಕೊಡು, ವಿನೆಗರ್ ಜಾಸ್ತಿ ಹಾಕು" ಎನ್ನುತ್ತಿದ್ದರು.

ಹೋದ ಶರತ್ಕಾಲದಲ್ಲಿ ಅವನ ಅಪ್ಪ ಆಲಿಕ್ ತೀರಿಕೊಂಡ. ಮುರ್ಡೋಗೆ ಅಪ್ಪನೆಂದರೆ ಪ್ರಾಣ. ಇಡೀ ಜನ್ಮ ಒದ್ದೆ ಬೆಕ್ಕಾಗಿ ಬದುಕಿದ ಮನುಷ್ಯ, ಸತ್ತ ಮೇಲಾದರೂ ಒಣಗಲಿ ಎಂಬುದು ಅವನ ಆಸೆ. ಎಡಿನ್‌ಬರೋಗೆ ಹೋದಾಗ ಅವನೊಂದು ಕೀಚೈನು ಕೊಂಡಿದ್ದ. ಅದರಲ್ಲಿ ಗುರಾಣಿ, ಗುರಾಣಿಯೊಳಗೆ ಹಿಂಗಾಲ ಮೇಲೆ ನಿಂತ ಸಿಂಹ, ಪಂಜದಲ್ಲಿ ಖಡ್ಗ, ಕಾಲಡಿ ಮೂರು ಮೀನು. ಹಿಂದುಗಡೆ 'ಗಿಲ್ವರಿ ಮನೆತನ: ರಾಜನ ಖಡ್ಗ ಹೊತ್ತವರು' ಎಂದು ಬರೆದಿತ್ತು. ಅದನ್ನೇ ಕಲ್ಲುಕುಟಿಗನಿಗೆ ಕಳಿಸಿಕೊಟ್ಟ.

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಕಲ್ಲು ನೆಟ್ಟಾಯಿತು. ಮಧ್ಯಾಹ್ನ ಪಾದ್ರಿ ಬಂದು ಪ್ರಾರ್ಥನೆ ಮಾಡುವುದು, ಆಮೇಲೆ ಚರ್ಚಿನ ಹಜಾರದಲ್ಲಿ ಊರವರಿಗೆ ಚಹಾ ಎಂದು ಗೊತ್ತುಮಾಡಿದ್ದರು. ಮುರ್ಡೋ ಎಲ್ಲರಿಗಿಂತ ಮೊದಲೇ ಬಂದು ಕಲ್ಲಿನ ಮುಂದೆ ಟೊಪ್ಪಿ ತೆಗೆದು ನಿಂತ. ಮೆದು ಮರಳುಗಲ್ಲಿನ ಮೇಲೆ ಸಿಂಹ ಎದೆಯುಬ್ಬಿಸಿ ನಿಂತಿತ್ತು. ಕೆಳಗೆ 'ಆಲಿಕ್ ಗಿಲ್ವರಿ', ಅಷ್ಟೇ.

"ಯಾರದಪ್ಪಾ ಇದು, ಸರ್ಕಸ್ಸಿನವರದಾ?"

ತಿರುಗಿ ನೋಡಿದರೆ ಎಫಿ. ಊರಿನ ಹವಾಮಾನವನ್ನೂ ಉಳಿದವರ ಮನೆಯ ಹವಾಮಾನವನ್ನೂ ಎಲ್ಲರಿಗಿಂತ ಮೊದಲು ತಿಳಿಯುವ ಬಾರೋಮೀಟರ್ ಮನೆತನದವಳು. ಕೈಯಲ್ಲಿ ಹೂವಿತ್ತು, ನೆಪಕ್ಕೆ.

"ನಮ್ಮಪ್ಪಂದು" ಎಂದ ಮುರ್ಡೋ.

"ಯಾವ ಆಲಿಕ್ ಅಂತ ಬರೆದೇ ಇಲ್ವಲ್ಲೋ. ಅಲ್ಲಿ ನೋಡು, ಬಿಸ್ಕತ್ತು ಆಲಿಕ್ ಮಲಗಿದಾನೆ. ಆ ಗೋಡೆ ಹತ್ರ ಮೊಂಡುಚಾಕು ಆಲಿಕ್. ನಾಳೆ ಕರ್ತ ಬಂದು ಸತ್ತವರನ್ನೆಲ್ಲ ಎಬ್ಬಿಸುವಾಗ ಈ ಸಿಂಹದ ಆಲಿಕ್ ಯಾರು ಅಂತ ಅವನಾದ್ರೂ ಯಾರನ್ನ ಕೇಳ್ಬೇಕು?"

"ಕರ್ತನಿಗೆ ಗೊತ್ತಿರುತ್ತೆ."

"ಅವನಿಗೆ ಗೊತ್ತಿರುತ್ತೆ ಕಣೋ, ಪೋಸ್ಟ್‌ಮನ್‌ಗೆ ಗೊತ್ತಾಗಲ್ಲ" ಎಂದಳು ಎಫಿ. ಗೋರಿಗೆ ಅಂಚೆ ಯಾಕೆ ಬರುತ್ತದೆ ಎಂದು ಮುರ್ಡೋ ಕೇಳುವ ಮೊದಲೇ ಅವಳು ಹೂವನ್ನು ಪಕ್ಕದ ಯಾರದೋ ಗೋರಿಯ ಮೇಲಿಟ್ಟು ಹೊರಟುಹೋದಳು. ಹೋದದ್ದು ನೇರವಾಗಿ ಪ್ರಿಂಗಲ್ ಮೇಷ್ಟ್ರ ಮನೆಗೆ.

ಪ್ರಿಂಗಲ್ ಮೇಷ್ಟ್ರು ಗಿಲ್ವರಿ ಅಲ್ಲ. ದಕ್ಷಿಣದಿಂದ ಬಂದು ಈ ಊರಿನ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತರಾದವರು. ಊರಿನಲ್ಲಿ ತಲೆ ನರೆಯುವವರೆಗೆ ಬದುಕಿದರೂ ಯಾರೂ ತಮಗೊಂದು ಅಡ್ಡಹೆಸರು ಕೊಡಲಿಲ್ಲವೆಂಬ ಒಳಕೊರಗು ಅವರಿಗಿತ್ತು. ಹೊರಗೆ ಮಾತ್ರ ಅದನ್ನು ಅನಾಗರಿಕ ಪದ್ಧತಿ ಎನ್ನುತ್ತಿದ್ದರು. ಅವರು ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದು, ಕನ್ನಡಕ ಏರಿಸಿ, ಸಿಂಹವನ್ನು ಪರೀಕ್ಷೆಯ ಉತ್ತರಪತ್ರಿಕೆ ನೋಡುವ ಹಾಗೆ ನೋಡಿದರು.

"ಮುರ್ಡೋ, ನೀನು ನನ್ನ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತಿರ್ತಿದ್ದೆ ಅಲ್ವಾ?"

"ಹೌದು ಸಾರ್."

"ಅದಕ್ಕೇ. ಸ್ಕಾಟ್‌ಲೆಂಡಲ್ಲಿ ಮನೆತನಕ್ಕೆ ಲಾಂಛನ ಅಂತ ಇಲ್ಲವೇ ಇಲ್ಲ ಕಣಯ್ಯಾ. ಲಾಂಛನ ಇರೋದು ಒಬ್ಬ ಮನುಷ್ಯನಿಗೆ. ಈ ಸಿಂಹ, ಇಡೀ ಗಿಲ್ವರಿ ಕುಲಕ್ಕೆ ಒಬ್ಬ ಮುಖ್ಯಸ್ಥ ಇದಾನಲ್ಲ, ಅವನೊಬ್ಬನದು. ಅವನ ಹಲ್ಲುಜ್ಜೋ ಬ್ರಷ್ ಇದ್ದ ಹಾಗೆ. ನೀನದನ್ನ ನಿಮ್ಮಪ್ಪನ ಬಾಯಿಗೆ ಹಾಕಿದೀಯ."

ಮುರ್ಡೋಗೆ ಬೆವರಿತು. "ಕೀಚೈನು ಮಾರ್ತಾರಲ್ಲ ಸಾರ್."

"ಮಾರ್ತಾರೆ. ಕೀಚೈನಲ್ಲಿ ಬೀಗದಕೈ ಹಾಕ್ಕೋಬೇಕು, ಅಪ್ಪನ್ನಲ್ಲ. ಲಾಂಛನಕ್ಕೇ ಅಂತ ಎಡಿನ್‌ಬರೋದಲ್ಲಿ ಒಂದು ಕೋರ್ಟಿದೆ. ಅನುಮತಿ ಇಲ್ಲದೆ ಹಾಕ್ಕೊಂಡ್ರೆ ಕೆರೆದು ತೆಗೆಸಬಹುದು, ದಂಡ ಹಾಕಬಹುದು. ಹೋಗ್ಲಿ, ಇನ್ನೊಂದು ವಿಷಯ. ಯಾವ ಗುರುತೂ ಸೇರಿಸದೆ ಬರೀ ಈ ಗುರಾಣಿ ಇದ್ರೆ ಅರ್ಥ ಏನು ಗೊತ್ತಾ? ಇಲ್ಲಿ ಮಲಗಿರೋದು ಸಾಕ್ಷಾತ್ ಮುಖ್ಯಸ್ಥ ಅಂತ."

ಇದ್ದಲ್ಲಿ ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲ ಎಂದು ಮುರ್ಡೋ ತಲೆಮೇಲೆ ಕೈಹೊತ್ತ. ಅಷ್ಟರಲ್ಲಿ ಎಫಿಯ ಕೃಪೆಯಿಂದ ಸುದ್ದಿ ಬಂದರು ಮುಟ್ಟಿ ಮರಳಿ ಬಂದಿತ್ತು. ಬಿಸ್ಕತ್ತು ಮನೆಯವನೊಬ್ಬ ಗೋಡೆಯಾಚೆಯಿಂದ ಇಣುಕಿ, "ಒದ್ದೆ ಬೆಕ್ಕು, ನಿಮ್ಮಪ್ಪ ದೊರೆ ಆದ್ರಂತೆ. ಹೋದ ವರ್ಷ ನಮ್ಮಿಂದ ಒಯ್ದ ಏಣಿ ದೊರೆಗಳು ವಾಪಸ್ ಕೊಡ್ತಾರಾ?" ಎಂದ. ಮುರ್ಡೋ ಅಂಗಡಿಗೆ ಓಡಿ ಹೋಗಿ, ಆಲೂಗಡ್ಡೆ ಚೀಲ ಮುಚ್ಚುವ ನೀಲಿ ಟಾರ್ಪಾಲು ತಂದು ಕಲ್ಲಿಗೆ ಹೊದಿಸಿ ಹಗ್ಗ ಕಟ್ಟಿದ. ಕಲ್ಲುಕುಟಿಗ ಇನ್ನೂ ಅಲ್ಲಿಯೇ ಗೇಟಿನ ಬಳಿ ತನ್ನ ವ್ಯಾನಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಅವನನ್ನು ಕೇಳಿದರೆ, "ಕೆರೆದು ತೆಗೀಬಹುದು, ಆದ್ರೆ ಕಲ್ಲಲ್ಲಿ ಹಳ್ಳ ಬೀಳುತ್ತೆ. ಯಾರೋ ಏನೋ ಕದ್ದುಕೊಂಡು ಹೋದ ಹಾಗೆ ಕಾಣುತ್ತೆ" ಎಂದ.

ಪ್ರಾರ್ಥನೆಯ ಹೊತ್ತಿಗೆ ಪಾದ್ರಿ ಬಂದರು. ಮುರ್ಡೋನ ತಾಯಿ ಜೆಸ್ಸಿ ಬಂದಳು, ಕಪ್ಪು ಕೋಟು, ಕೈಯಲ್ಲೊಂದು ಕೋಲು. ಟಾರ್ಪಾಲು ನೋಡಿ, "ಏನೋ ಇದು, ನಿಮ್ಮಪ್ಪನಿಗೆ ಈಗ ನೆಗಡಿಯಾಗುತ್ತಾ?" ಎಂದು ಕೇಳಿದಳು. ಮಗ ಏನೋ ಗೊಣಗಿದ. ಅದೇ ಸಮಯಕ್ಕೆ ಗೇಟಿನ ಎದುರು ಒಂದು ದೊಡ್ಡ ಬಸ್ಸು ಬಂದು ನಿಂತಿತು.

ಅದರಿಂದ ಇಳಿದವರೆಲ್ಲ ಗಿಲ್ವರಿಗಳು, ಆದರೆ ಕೆನಡಾದವರು. ಪೂರ್ವಿಕರ ಊರು ನೋಡಲು ಬಂದವರು. ಹೆಂಗಸರ ಹೆಗಲಿಗೆ ಚೌಕಳಿಯ ಟಾರ್ಟನ್ ಶಾಲು, ಗಂಡಸರ ಸೊಂಟಕ್ಕೆ ಸ್ಕಾಟ್‌ಲೆಂಡಿನ ಗಂಡಸರ ಲಂಗವಾದ ಕಿಲ್ಟು. ಊರಿನ ಗಿಲ್ವರಿಗಳೆಲ್ಲ ಪ್ಯಾಂಟು ಹಾಕಿಕೊಂಡಿದ್ದರಿಂದ ಯಾರು ಸ್ಕಾಟ್‌ಲೆಂಡಿನವರು ಎಂದು ನೋಡಿದವರಿಗೆ ಗೊಂದಲವಾಗುವಂತಿತ್ತು. ಗೋರಿಯ ಸುತ್ತ ಜನ ಸೇರಿದ್ದನ್ನು ಕಂಡು ಅವರೂ ಭಕ್ತಿಯಿಂದ ಬಂದು ಸೇರಿಕೊಂಡರು. ಅವರ ಹಿಂದೆ ಹಳೆಯ ಮಳೆಕೋಟು ತೊಟ್ಟ ಒಬ್ಬ ಕುಳ್ಳ ಮನುಷ್ಯ ಮೂಗು ಒರೆಸಿಕೊಳ್ಳುತ್ತ ನಿಂತ. ಬಸ್ಸಿನ ಡ್ರೈವರ್ ಇರಬೇಕೆಂದು ಎಲ್ಲರೂ ಅಂದುಕೊಂಡರು.

ಪಾದ್ರಿ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಸಮುದ್ರದ ಕಡೆಯಿಂದ ಬೀಸಿದ ಗಾಳಿ ದೇವರ ಹೆಸರು ಬರುವವರೆಗೆ ತಡೆದಿತ್ತು, ಆಮೇಲೆ ತಡೆಯಲಿಲ್ಲ. ಟಾರ್ಪಾಲು ಹಗ್ಗ ಸಮೇತ ಮೇಲೆದ್ದು ಗೋಡೆ ಹಾರಿ ಬಿಸ್ಕತ್ತು ಮನೆಯವನ ತಲೆಯ ಮೇಲೆ ಕೂತಿತು.

ಕೆನಡಾದವರು ಸಿಂಹವನ್ನು ನೋಡಿದರು. ಯಾವ ಗುರುತೂ ಇಲ್ಲದ ಬರಿಯ ಗುರಾಣಿ. ಪುಸ್ತಕ ಓದಿ ತಯಾರಾಗಿ ಬಂದಿದ್ದ ಅವರಿಗೆ ಮೇಷ್ಟ್ರ ಹಿಂದಿನ ಬೆಂಚಿನ ಹುಡುಗರಿಗಿಂತ ಹೆಚ್ಚು ತಿಳಿದಿತ್ತು. "ಮುಖ್ಯಸ್ಥರು" ಎಂದಳು ಒಬ್ಬಾಕೆ ನಡುಗುವ ದನಿಯಲ್ಲಿ, ಮತ್ತು ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿದಳು. ಉಳಿದವರೂ ಊರಿದರು. ಒಬ್ಬನಂತೂ ಬ್ಯಾಗ್‌ಪೈಪ್ ಎಂಬ ಚೀಲದ ವಾದ್ಯ ಹೊರತೆಗೆದು ಊದತೊಡಗಿದ. ಇಷ್ಟು ಜನ ಮಂಡಿಯೂರಿರುವಾಗ ತಾನೊಬ್ಬ ನಿಂತಿರುವುದು ಸರಿಯಲ್ಲವೆಂದು ಪಾದ್ರಿಯೂ ಊರಿದರು. ಊರಿನವರು ನಗಬೇಕೋ ಅಳಬೇಕೋ ತಿಳಿಯದೆ ತುಟಿ ಕಚ್ಚಿ ನಿಂತರು. ಆ ಮಹಿಳೆ ಮುರ್ಡೋನ ಕೈ ಹಿಡಿದು, "ನೀವು ಅವರ ಮಗನೇ? ಹಾಗಾದ್ರೆ ಈಗ ನೀವೇ" ಎಂದು ಕಣ್ಣೀರು ಹಾಕಿದಾಗ ಅವನಿಗೆ ಬಾಯಿ ಬಿಡಲೇಬೇಕಾಯಿತು.

ಅವನು ಕೈಯಲ್ಲಿದ್ದ ಟೊಪ್ಪಿಯನ್ನು ಪಕ್ಕದ ಗೋರಿಯ ಮೇಲಿಟ್ಟ. "ಅಮ್ಮಾ, ದಯವಿಟ್ಟು ಏಳಿ. ನಮ್ಮಪ್ಪ ಮುಖ್ಯಸ್ಥ ಅಲ್ಲ. ಮೀನು ಹಿಡೀತಿದ್ದ. ಆ ಸಿಂಹನ ನಾನು ಕೀಚೈನಿಂದ ತೆಗೆದದ್ದು."

ಬ್ಯಾಗ್‌ಪೈಪಿನ ಉಸಿರು ಬಹಳ ಹೊತ್ತು ನರಳಿ ನಿಂತಿತು. ಆಗ ಮಳೆಕೋಟಿನ ಕುಳ್ಳ ಮನುಷ್ಯ ಮುಂದೆ ಬಂದ.

"ನಾನೂ ಅದನ್ನೇ ಯೋಚಿಸ್ತಿದ್ದೆ" ಎಂದ ಅವನು ಮೆಲುದನಿಯಲ್ಲಿ. "ನನ್ನ ಗುರಾಣಿಯನ್ನ ಟವೆಲ್ ಮೇಲೆ ನೋಡಿದೀನಿ, ಬಿಸ್ಕತ್ ಡಬ್ಬಿ ಮೇಲೆ ನೋಡಿದೀನಿ, ಒಂದ್ಸಲ ನಾಯಿ ಕೋಟಿನ ಮೇಲೂ ನೋಡಿದೀನಿ. ಗೋರಿ ಮೇಲೆ ನೋಡಿದ್ದು ಇವತ್ತೇ. ನಾನು ತೀರಿಕೊಂಡು, ಯಾರೂ ನನಗೆ ಹೇಳಲೇ ಇಲ್ವೇನೋ ಅನ್ನಿಸ್ತು."

ಅವನೇ ಮುಖ್ಯಸ್ಥ. ಪರ್ತ್ ಪಟ್ಟಣದಲ್ಲಿ ದನದ ಡಾಕ್ಟರಾಗಿದ್ದು ನಿವೃತ್ತನಾದವನು. ನೆಂಟರಿಗೆ ಊರು ತೋರಿಸಲೆಂದು ಬಂದಿದ್ದ. ಮುರ್ಡೋಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸ್ಮಶಾನವಾದ್ದರಿಂದ ಅದೇನೂ ದೊಡ್ಡ ಬೇಡಿಕೆಯಾಗಿರಲಿಲ್ಲ.

"ಕೋರ್ಟಿಗೆ ಹಾಕ್ತೀರಾ ಸಾರ್?"

"ಮೊದಲು ಇಲ್ಲಿ ಯಾರು ಮಲಗಿದಾರೆ ಹೇಳಿ."

"ಆಲಿಕ್ ಗಿಲ್ವರಿ."

ಮುಖ್ಯಸ್ಥ ಸುತ್ತಲಿನ ಕಲ್ಲುಗಳನ್ನು ನೋಡಿದ. ಆಲಿಕ್ ಗಿಲ್ವರಿ, ಆಲಿಕ್ ಗಿಲ್ವರಿ, ಆಲಿಕ್ ಗಿಲ್ವರಿ. "ಯಾವ ಆಲಿಕ್?"

ಊರೆಲ್ಲ ಮುರ್ಡೋನ ಬಾಯಿಯನ್ನೇ ನೋಡಿತು. ಅವನು ಸಿಂಹವನ್ನು ನೋಡಿದ. ಉತ್ತರ ಹೇಳದೆ ತಡೆದುಕೊಳ್ಳುವ ಕಷ್ಟ ಎಫಿಯ ಮುಖದಲ್ಲೆಲ್ಲ ಕಾಣುತ್ತಿತ್ತು. ಕೊನೆಗೆ ಜೆಸ್ಸಿ ಕೋಲೂರಿ ಎರಡು ಹೆಜ್ಜೆ ಮುಂದೆ ಬಂದಳು.

"ಒದ್ದೆ ಬೆಕ್ಕು ಆಲಿಕ್. ನನ್ನ ಗಂಡ" ಎಂದಳು. "ಮುರ್ಡೋ, ನೀನು ಆ ಹೆಸರು ಮುಚ್ಚಿಟ್ಟಿದೀಯ ಅಂತ ಟಾರ್ಪಾಲು ನೋಡಿದ ತಕ್ಷಣ ಗೊತ್ತಾಯ್ತು ನನಗೆ. ಆ ಹೆಸರಿನ ಬೆಲೆ ಏನು ಅಂತ ಕೇಳು. ಆಗ ನೀನಿನ್ನೂ ತೊಟ್ಟಿಲಲ್ಲಿದ್ದೆ. ಅವತ್ತು ಮಂಜು ಎಂಥದು ಅಂದ್ರೆ ಬಂದರಿನ ದೀಪ ಬಂದರಿಗೇ ಕಾಣ್ತಿರ್ಲಿಲ್ಲ. ದೋಣಿಗಳೆಲ್ಲ ಹೊರಗಿದ್ವು. ನಾವು ಹೆಂಗಸರು ಕಟ್ಟೆ ತುದೀಲಿ ನಿಂತು ಕೂಗಿದ್ವಿ. ಗಿಲ್ವರಿ ಅಂತ ಕೂಗಿದ್ರೆ ಯಾರಪ್ಪಾ ಬರ್ತಾರೆ? ಆಲಿಕ್ ಅಂದ್ರೆ ಯಾವನು? ನಾನು ಒದ್ದೆ ಬೆಕ್ಕೇ, ಒದ್ದೆ ಬೆಕ್ಕೇ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ಆ ಕೂಗು ಹಿಡ್ಕೊಂಡೇ ಬಂದ ಅವನು. ದಡ ಹತ್ತಿ, 'ಊರಿಗೆಲ್ಲ ಕೇಳೋ ಹಾಗೆ ಕೂಗ್ಬೇಕಿತ್ತೇನೇ' ಅಂದ. ನಗ್ತಿದ್ದ. ಆ ಹೆಸರಿಲ್ದೆ ಇದ್ರೆ ನಿನಗೆ ಅಪ್ಪ ಇರ್ತಿರ್ಲಿಲ್ಲ ಕಣೋ."

ಮುರ್ಡೋ ನೆಲ ನೋಡಿದ. ಈ ಮಾತನ್ನು ಅಪ್ಪ ಒಮ್ಮೆಯೂ ಹೇಳಿರಲಿಲ್ಲ. ಇವನೂ ಆ ಹೆಸರಿನ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದ.

ಮುಖ್ಯಸ್ಥ ಗಂಟಲು ಸರಿಮಾಡಿಕೊಂಡ. "ನನ್ನನ್ನ ಎಲ್ಲರೂ ಗಿಲ್ವರಿ ಅಂತಲೇ ಕರೀತಾರೆ. ಮುಖ್ಯಸ್ಥನಿಗೆ ಮೊದಲ ಹೆಸರೂ ಬೇಡವಂತೆ, ಪದ್ಧತಿ. ಸತ್ತು ಹೋದ ನನ್ನ ಹೆಂಡ್ತಿ ಒಬ್ಬಳೇ ಬೇರೆ ಏನೋ ಕರೀತಿದ್ಲು. ಇನ್ನು ರಾಜನ ಖಡ್ಗದ ಕತೆ ಬಿಡಿ, ಅದು ಕೀಚೈನಿನವರು ಬರೆದದ್ದು. ನಮ್ಮ ಹಿರಿಯ ಒಬ್ಬನಿಗೆ ತನ್ನ ಕಡೆ ತಲೆ ಎಣಿಕೆ ಹೆಚ್ಚು ಬೇಕಿತ್ತು. ನನ್ನ ಹೆಸರು ಇಟ್ಟುಕೊಂಡವನಿಗೆ ಒಂದು ಮೂಟೆ ಓಟ್ಸ್ ಹಿಟ್ಟು ಅಂತ ಡಂಗುರ ಸಾರಿಸಿದ. ಹಸಿದವರೆಲ್ಲ ಗಿಲ್ವರಿಗಳಾದರು. ನಿಮ್ಮವರು ಆ ಹೆಸರನ್ನ ತಗೊಂಡಿದ್ದು ಹಿಟ್ಟಿಗೆ. ಈ ಒದ್ದೆ ಬೆಕ್ಕು ಅನ್ನೋ ಹೆಸರನ್ನ ಮಾತ್ರ ತಾವೇ ಸಂಪಾದಿಸಿದ್ದು."

ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತಿದ್ದ ಕೆನಡಾದವರು ಈ ಮಾತು ಕೇಳಿ ಸ್ವಲ್ಪ ಕುಗ್ಗಿದರು.

"ನಾನು ಕೋರ್ಟಿಗೆ ಹೋಗಲ್ಲ" ಎಂದು ಮುಂದುವರಿಸಿದ ಮುಖ್ಯಸ್ಥ. "ಆದರೆ ಇದು ಹೀಗೇ ಇರುವಂತಿಲ್ಲ. ನನ್ನ ಸ್ವಂತ ತಮ್ಮ ಕೂಡ ಈ ಸಿಂಹಕ್ಕೆ ಏನಾದರೂ ಒಂದು ಬೇರೆ ಗುರುತು ಸೇರಿಸಿಯೇ ಹಾಕ್ಕೋಬೇಕು, ಒಬ್ಬರು ಇನ್ನೊಬ್ಬರಾಗಿ ಕಾಣದ ಹಾಗೆ. ನೀವೂ ಒಂದು ಗುರುತು ಸೇರಿಸಿ. ನಾನೇ ಕೋರ್ಟಿನವರ ಹತ್ರ ಮಾತಾಡಿ, ನಿಮ್ಮ ತಂದೆ ಹೆಸರಿಗೆ ಅದನ್ನ ಮಂಜೂರು ಮಾಡಿಸ್ತೀನಿ."

ಮುರ್ಡೋಗೆ ಹೋದ ಜೀವ ಬಂದಂತಾಯಿತು. ಸಿಂಹವೂ ಉಳಿಯಿತು, ಮಾನವೂ ಉಳಿಯಿತು. ಮೂಲೆಯಲ್ಲೊಂದು ಚುಕ್ಕಿಯೋ ನಕ್ಷತ್ರವೋ ಬಿದ್ದರೆ ಮುಗಿಯಿತು. ಅವನು ಓಡಿ ಹೋಗಿ ಕಲ್ಲುಕುಟಿಗನ ವ್ಯಾನಿನ ಬಾಗಿಲು ಬಡಿದ. "ಸಿಂಹಕ್ಕೆ ಏನಾದ್ರೂ ಒಂದು ಗುರುತು ಸೇರಿಸಬೇಕಂತೆ."

"ಏನು ಸೇರಿಸಲಿ?"

"ಸಣ್ಣದು, ಏನಾದ್ರೂ. ನನ್ನನ್ನ ಕೇಳ್ಬೇಡ, ಅಲ್ಲಿ ಚಹಾ ಆರ್ತಿದೆ" ಎಂದು ಹೇಳಿ ಮುರ್ಡೋ ಹಜಾರಕ್ಕೆ ಓಡಿದ.

ಹಜಾರದಲ್ಲಿ ಹಬ್ಬವೇ ನಡೆಯಿತು. ಮುರ್ಡೋನ ಹೆಂಡತಿ ಮೋರಾಗ್ ಮಾಡಿದ್ದ ಬೆಣ್ಣೆಬಿಸ್ಕತ್ತು ಖಾಲಿಯಾಗಿ, ಎಫಿ ಮನೆಯಿಂದ ಕೇಕು ತಂದಳು. ಬಿಸ್ಕತ್ತು ಮನೆಯವನು ಟಾರ್ಪಾಲನ್ನು ಮಡಿಸಿ ತಂದುಕೊಟ್ಟ. ಮುಖ್ಯಸ್ಥ ಜೆಸ್ಸಿಯ ಪಕ್ಕದಲ್ಲಿ ಕೂತು ಅವಳ ಬೆಕ್ಕಿನ ಕಿವಿನೋವಿಗೆ ಔಷಧ ಹೇಳಿದ. ಮೇಷ್ಟ್ರು ಕೆನಡಾದವರಿಗೆ ಗುರುತುಗಳ ಶಾಸ್ತ್ರ ವಿವರಿಸುತ್ತ, "ಯೋಚಿಸಿದರೆ ಇವರ ಅಡ್ಡಹೆಸರೂ ಅದೇ ತತ್ತ್ವ. ಒಂದೇ ಸಿಂಹ, ಒಬ್ಬೊಬ್ಬರಿಗೂ ಒಂದೊಂದು ಗುರುತು. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ" ಎಂದು ನಿಟ್ಟುಸಿರಿಟ್ಟರು. ಮುರ್ಡೋ ಕೆಟಲು ಹಿಡಿದು ಓಡಾಡಿದ. ಕೆನಡಾದವರು ಅವನನ್ನು ಮಿಸ್ಟರ್ ಗಿಲ್ವರಿ, ಮಿಸ್ಟರ್ ಗಿಲ್ವರಿ ಎಂದು ಕರೆಯುತ್ತಿದ್ದರು. ಯಾರನ್ನೋ ಕರೆಯುತ್ತಿದ್ದಾರೆಂದು ಅವನು ಹಿಂದೆ ತಿರುಗಿ ನೋಡುತ್ತಿದ್ದ.

ಚಹಾ ಮುಗಿದು ಎಲ್ಲರೂ ಮತ್ತೆ ಗೋರಿಯ ಬಳಿ ಬಂದರು. ಕಲ್ಲುಕುಟಿಗ ಉಳಿಯ ಧೂಳು ಊದಿ ಪಕ್ಕಕ್ಕೆ ಸರಿದ.

ಸಿಂಹ ಇನ್ನೂ ಹಿಂಗಾಲ ಮೇಲೆಯೇ ನಿಂತಿತ್ತು. ಆದರೆ ಅದರ ಕೇಸರವೆಲ್ಲ ತಲೆಗೆ ಮೆತ್ತಿಕೊಂಡಿತ್ತು. ಮೀಸೆಯ ತುದಿಯಿಂದ ಹನಿ, ಗಡ್ಡದಿಂದ ಹನಿ, ಎತ್ತಿ ಹಿಡಿದ ಖಡ್ಗದಿಂದ ಹನಿ. ಬಾಲದಿಂದ ಸುರಿದ ನೀರು ಕೆಳಗಿನ ಮೂರು ಮೀನುಗಳ ಮೇಲೆ ಬೀಳುತ್ತಿತ್ತು. ನೆನೆದು ಅರ್ಧವಾದ ಆ ಪ್ರಾಣಿಯನ್ನು ಸಿಂಹವೆನ್ನಲು ಯಾರಿಗೂ ಮನಸ್ಸು ಬರುವಂತಿರಲಿಲ್ಲ.

"ಯಾರು ಹೇಳಿದ್ದು ನಿನಗೆ ಹೀಗೆ ಮಾಡು ಅಂತ?" ಮುರ್ಡೋನ ದನಿ ಒಡೆಯಿತು.

"ನಿಮ್ಮನ್ನ ಕೇಳ್ಬೇಡ ಅಂದ್ರಲ್ಲ, ಹಾದು ಹೋಗೋರನ್ನೆಲ್ಲ ಕೇಳಿದೆ. ಸತ್ತವರ ವಿಶೇಷ ಏನು ಅಂತ. ಎಲ್ಲರೂ ಒಂದೇ ಮಾತು ಹೇಳಿದ್ರು. ಒಂದು ಊರಲ್ಲಿ ಇಷ್ಟು ಒಮ್ಮತ ನಾನೆಲ್ಲೂ ನೋಡಿಲ್ಲ."

"ಅದ್ಭುತ" ಎಂದ ಮುಖ್ಯಸ್ಥ, ಮತ್ತು ಅವನು ಹೇಳಿದ್ದು ಮನಸಾರೆ. "ಇದನ್ನ ಯಾರೂ ನನ್ನದು ಅಂದುಕೊಳ್ಳಲ್ಲ. ಸೋಮವಾರವೇ ಮಾತಾಡ್ತೀನಿ."

ಮುರ್ಡೋ ಮೇಷ್ಟ್ರನ್ನು ಪಕ್ಕಕ್ಕೆಳೆದ. "ಸಾರ್, ಇದನ್ನ ಕೆರೆದು ತೆಗೆಸೋಕೆ ಆಗಲ್ವಾ?"

"ಬೆಳಿಗ್ಗೆ ಆಗಿದ್ರೆ ಆಗ್ತಿತ್ತು" ಎಂದರು ಮೇಷ್ಟ್ರು. "ಇನ್ನು ಮಂಜೂರಾದ ಮೇಲೆ ಮುಟ್ಟಿದವನಿಗೆ ದಂಡ. ಮೊದಲಾಗಿದ್ರೆ ಎರಡು ಪದ, ಪಾಚಿ ಹತ್ತಿ ಮುಚ್ಚಿ ಹೋಗ್ತಿತ್ತು. ಈಗ ನಿಮ್ಮಪ್ಪನ ಹೆಸರಿಗೆ, ಆಮೇಲೆ ನಿನಗೆ, ನಿನ್ನ ಮಗನಿಗೆ, ಮೊಮ್ಮಗನಿಗೆ. ಕಾನೂನು ಪ್ರಕಾರ ಒದ್ದೆ."

ಜೆಸ್ಸಿ ಕಲ್ಲಿನ ಹತ್ತಿರ ಹೋಗಿ, ಆ ನೆನೆದ ತಲೆಯನ್ನು ಅಂಗೈಯಿಂದ ಸವರಿದಳು. ಸವರಿ ಕರವಸ್ತ್ರ ತೆಗೆದು ಕೈ ಒರೆಸಿಕೊಂಡಳು, ನಿಜವಾಗಿ ಒದ್ದೆಯಾದವರ ಹಾಗೆ. ಅದನ್ನು ನೋಡಿದ ಮೇಲೆ ಮುರ್ಡೋಗೆ ಯಾರ ಮೇಲೂ ಸಿಟ್ಟು ಮಾಡಲಾಗಲಿಲ್ಲ. ಅಪ್ಪನ ಮಟ್ಟಿಗೆ ಆಯಿತು, ಅವನಿಗದು ಸಲ್ಲುತ್ತದೆ ಎಂದುಕೊಂಡ. ಆದರೆ ನನಗೆ ಬೇಡ. ಇವತ್ತಿನಿಂದ ಯಾರಾದರೂ ಆ ಹೆಸರಿನಿಂದ ಕರೆದರೆ ಓಗೊಡುವುದಿಲ್ಲ, ನಾನು ಮುರ್ಡೋ ಗಿಲ್ವರಿ, ಅಷ್ಟೇ ಎಂದು ಮನಸ್ಸಿನಲ್ಲೇ ಆಣೆ ಮಾಡಿ ತಾಯಿಯ ಕೈ ಹಿಡಿದು ಗೇಟಿನತ್ತ ನಡೆದ.

ಅವನ ಟೊಪ್ಪಿ ಪಕ್ಕದ ಗೋರಿಯ ಮೇಲೆಯೇ ಉಳಿದಿತ್ತು. ಮುಖ್ಯಸ್ಥ ಅದನ್ನು ಕಂಡು, ಕೈಗೆತ್ತಿಕೊಂಡು, "ಮಿಸ್ಟರ್ ಗಿಲ್ವರಿ" ಎಂದು ಜೋರಾಗಿ ಕೂಗಿದ.

ಊರಿನವರೆಲ್ಲ ತಿರುಗಿದರು. ಕೆನಡಾದವರೂ ತಿರುಗಿದರು. ತಿರುಗದೆ ಹೋಗುತ್ತಿದ್ದವನು ಮುರ್ಡೋ ಒಬ್ಬನೇ.

ಮುಖ್ಯಸ್ಥ ಒಂದು ಗಳಿಗೆ ಯೋಚಿಸಿದ. ಆಮೇಲೆ ಟೊಪ್ಪಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, "ಒದ್ದೆ ಬೆಕ್ಕೇ" ಎಂದ.

"ಓ" ಎಂದ ಮುರ್ಡೋ, ತಿರುಗಿ ನಿಂತು.